ಓದಿನ ಲಾಭದ ಲೆಕ್ಕದಲ್ಲಿ ಕೊಡಗಿನ ಬೆಟ್ಟ ಎಲ್ಲಿದೆ?

ಕಸ್ತೂರಿರಂಗನ್ ವರದಿ ಎಂದರೆ ಕೊಡಗಿನಲ್ಲಿ ಎಲ್ಲರಿಗೂ ನೆನಪಾಗುವುದು ಒಂದೇ. 2013ರಲ್ಲಿ ಬಂದ ಆ ವರದಿ ಪಶ್ಚಿಮಘಟ್ಟದ ಸುಮಾರು ಶೇ 37ರಷ್ಟು ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸಿತು. ಪಟ್ಟಿಯಲ್ಲಿ ಜಿಲ್ಲೆಯ 55 ಗ್ರಾಮಗಳಿದ್ದವು. ಊರೂರಲ್ಲಿ ವಿರೋಧ ಎದ್ದಿತು, 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವೂ ಅದನ್ನು ತಿರಸ್ಕರಿಸಿತು. ಆ ವರದಿ ಕೊಟ್ಟ ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ಇನ್ನೊಂದು ದೊಡ್ಡ ಸಮಿತಿಗೂ ಅಧ್ಯಕ್ಷರಾಗಿದ್ದರು. ರಾಷ್ಟ್ರೀಯ ಶಿಕ್ಷಣ ನೀತಿಯ ಕರಡನ್ನು ಸಿದ್ಧಪಡಿಸಿ 2019ರಲ್ಲಿ ಕೇಂದ್ರಕ್ಕೆ ಒಪ್ಪಿಸಿದ್ದು ಅವರ ನೇತೃತ್ವದ ಸಮಿತಿ. ಅದನ್ನು ಆಧರಿಸಿಯೇ 2020ರ ಜುಲೈ 29ರಂದು ಹೊಸ ನೀತಿಗೆ ಒಪ್ಪಿಗೆ ಸಿಕ್ಕಿತು.

ಒಂದು ವರದಿ ಬೆಟ್ಟದ ಬಗ್ಗೆ, ಇನ್ನೊಂದು ಆ ಬೆಟ್ಟದ ಬುಡದಲ್ಲಿ ಓದುವ ಮಗುವಿನ ಬಗ್ಗೆ. ನಮ್ಮ ಆಡಳಿತದಲ್ಲಿ ಇವು ಬೇರೆ ಬೇರೆ ಸಚಿವಾಲಯಗಳ ಕಡತಗಳು. ಒಂದರಲ್ಲಿ ಬರೆದದ್ದಕ್ಕೆ ಇನ್ನೊಂದು ಉತ್ತರ ಕೊಡಬೇಕಾಗಿಲ್ಲ. ಆದರೆ ಕೊಡಗಿನಂಥ ಜಿಲ್ಲೆಯಲ್ಲಿ ಎರಡನ್ನೂ ಒಟ್ಟಿಗೆ ಓದದೆ ಬೇರೆ ದಾರಿಯಿಲ್ಲ. ಇಲ್ಲಿನ ಮಕ್ಕಳು ಏನು ಓದುತ್ತಾರೆ, ಓದಿ ಎಲ್ಲಿಗೆ ಹೋಗುತ್ತಾರೆ ಎಂಬುದರ ಮೇಲೆ ಇಲ್ಲಿನ ತೋಟ, ಗದ್ದೆ, ಕಾಡು ಮುಂದಿನ ಐವತ್ತು ವರ್ಷ ಹೇಗಿರುತ್ತವೆ ಎಂಬುದು ನಿಂತಿದೆ. ಸರ್ಕಾರಗಳು ಶಿಕ್ಷಣದ ಬಗ್ಗೆ ತೀರ್ಮಾನ ತೆಗೆದುಕೊಳ್ಳುವಾಗ ಬಳಸುವ ಆರ್ಥಿಕ ಲೆಕ್ಕದಲ್ಲಿ ಈ ಸಂಬಂಧಕ್ಕೆ ಜಾಗವೇ ಇಲ್ಲ. ಆ ಲೆಕ್ಕ ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನು ಬಿಡಿಸಿ ನೋಡೋಣ.

ಮನುಷ್ಯನೂ ಬಂಡವಾಳವಾದ ಬಗೆ

1960ರ ಕೊನೆಯಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ ಥಿಯೊಡೋರ್ ಶುಲ್ಟ್ಜ್ ಒಂದು ವಾದ ಮುಂದಿಟ್ಟರು. ದೇಶಗಳ ಬೆಳವಣಿಗೆಯನ್ನು ಯಂತ್ರ, ಜಮೀನು, ಕೂಲಿಯ ಗಂಟೆಗಳಿಂದ ಮಾತ್ರ ವಿವರಿಸಲು ಆಗುತ್ತಿಲ್ಲ, ಜನರ ಓದು ಮತ್ತು ಆರೋಗ್ಯಕ್ಕೆ ಹಾಕಿದ ಹಣವನ್ನೂ ಬಂಡವಾಳವೆಂದೇ ಪರಿಗಣಿಸಬೇಕು ಎಂದರು. ಮನುಷ್ಯರನ್ನು ಬಂಡವಾಳ ಎನ್ನುವುದು ಹಲವರಿಗೆ ನೋವು ತರುತ್ತದೆ ಎಂದು ಅದೇ ಭಾಷಣದಲ್ಲಿ ಒಪ್ಪಿಕೊಂಡೂ ಇದ್ದರು. ಶುಲ್ಟ್ಜ್ ಮೂಲತಃ ಕೃಷಿ ಅರ್ಥಶಾಸ್ತ್ರಜ್ಞ; ಓದಿದ ರೈತ ಹೊಸ ಬೀಜ, ಗೊಬ್ಬರ, ಪದ್ಧತಿಗಳನ್ನು ಬೇಗ ಅರ್ಥಮಾಡಿಕೊಳ್ಳುತ್ತಾನೆ ಎಂಬುದು ಅವರ ಕಾಳಜಿಯ ಮುಖ್ಯ ಭಾಗವಾಗಿತ್ತು. 1964ರಲ್ಲಿ ಗ್ಯಾರಿ ಬೆಕರ್ ಈ ವಿಚಾರಕ್ಕೆ ಪೂರ್ಣ ಸಿದ್ಧಾಂತದ ರೂಪ ಕೊಟ್ಟರು. 1974ರಲ್ಲಿ ಜೇಕಬ್ ಮಿನ್ಸರ್ ಅದನ್ನು ಅಳೆಯುವ ಸಮೀಕರಣವನ್ನು ಮುಂದಿಟ್ಟರು. ಒಬ್ಬ ವ್ಯಕ್ತಿ ಒಂದು ವರ್ಷ ಹೆಚ್ಚು ಓದಿದರೆ ಅವನ ಸಂಪಾದನೆ ಶೇಕಡಾ ಎಷ್ಟು ಹೆಚ್ಚುತ್ತದೆ? ಜಗತ್ತಿನ ಸರಾಸರಿ ಸುಮಾರು ಶೇ 9 ಎಂಬ ಅಂದಾಜು ಇವತ್ತು ಶಿಕ್ಷಣ ಅರ್ಥಶಾಸ್ತ್ರದಲ್ಲಿ ಚಾಲ್ತಿಯಲ್ಲಿದೆ.

ಭಾರತದಲ್ಲೂ ಈ ಚಿಂತನೆಗೆ ತಡವಾಗಲಿಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ತನ್ನ ವರದಿಯ ಹೆಸರಿನಲ್ಲೇ ಶಿಕ್ಷಣವನ್ನು ರಾಷ್ಟ್ರದ ಅಭಿವೃದ್ಧಿಗೆ ಜೋಡಿಸಿತು, ರಾಷ್ಟ್ರೀಯ ಆದಾಯದ ಶೇ 6ನ್ನು ಶಿಕ್ಷಣಕ್ಕೆ ಕೊಡಬೇಕೆಂದಿತು. 1985ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವಾಯಿತು. 2020ರಲ್ಲಿ ಹಳೆಯ ಹೆಸರು ಮರಳಿತು, ಯೋಚನೆಯ ದಾರಿ ಮಾತ್ರ ಬದಲಾಗಲಿಲ್ಲ. 2018ರಲ್ಲಿ ವಿಶ್ವಬ್ಯಾಂಕ್ ಮಾನವ ಬಂಡವಾಳ ಸೂಚ್ಯಂಕವನ್ನು ಹೊರತಂದಿತು. 2020ರ ಆವೃತ್ತಿಯಲ್ಲಿ ಭಾರತದ ಅಂಕ 0.49. ಪೂರ್ಣ ಶಿಕ್ಷಣ, ಪೂರ್ಣ ಆರೋಗ್ಯ ಸಿಕ್ಕಿದ್ದರೆ ಒಂದು ಮಗು ಮುಂದೆ ಎಷ್ಟು ಉತ್ಪಾದಕವಾಗಬಹುದಿತ್ತೋ ಅದರ ಶೇ 49ರಷ್ಟು ಮಾತ್ರ ಆಗಲಿದೆ ಎಂದು ಇದರ ಅರ್ಥ.

ಈ ಚಿಂತನೆಯನ್ನು ಸಾರಾಸಗಟಾಗಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಸಿದ್ದಾಪುರದ ಸುತ್ತಲಿನ ಎಸ್ಟೇಟುಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ ಹುಟ್ಟಿದ ಮಗುವಿಗೆ, ನಾಗರಹೊಳೆ ಅಂಚಿನ ಹಾಡಿಯ ಯರವ ಅಥವಾ ಜೇನುಕುರುಬ ಮಗುವಿಗೆ ಶಾಲೆ ಎಂದರೆ ಇನ್ನೊಬ್ಬರ ತೋಟದ ಕೂಲಿಯಿಂದ ಹೊರಬರುವ ದಾರಿ. ಆ ಮಗು ಓದಿ ಹೆಚ್ಚು ಸಂಪಾದಿಸುವುದು ಅದರ ಹಕ್ಕು. ಹಣಕಾಸು ಇಲಾಖೆಯ ಮುಂದೆ ಶಾಲೆಗೆ ಅನುದಾನ ಕೇಳುವಾಗ ಬಲವಾಗಿ ಕೇಳಿಸುವ ಮಾತೂ ಇದೇ: ಹಾಕಿದ ಹಣ ವಾಪಸ್ ಬರುತ್ತದೆ. ಬಡವರ ಮಕ್ಕಳಿಗಾಗಿ ಗೆದ್ದ ಎಷ್ಟೋ ವಾದಗಳ ಹಿಂದೆ ಶುಲ್ಟ್ಜ್ ಇದ್ದಾರೆ. ತೊಂದರೆ ಶುರುವಾಗುವುದು ಆ ಒಂದೇ ಅಳತೆಗೋಲನ್ನು ಎಲ್ಲದಕ್ಕೂ ಹಿಡಿದಾಗ.

ಇಬ್ಬರು ಮಕ್ಕಳ ಲೆಕ್ಕ

ಸೋಮವಾರಪೇಟೆ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಹತ್ತು ಎಕರೆ ಕಾಫಿ ತೋಟ, ಕೆಳಗೆ ಎರಡು ಎಕರೆ ಗದ್ದೆ. ಮಗ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುತ್ತಾನೆ. ಮಗಳು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಅಷ್ಟೇ ವರ್ಷ ಓದಿ ಊರಿಗೆ ಮರಳುತ್ತಾಳೆ. ತೋಟದ ನಂದಿ, ಹೊನ್ನೆ, ಬೀಟೆ, ಅತ್ತಿ ಮರಗಳನ್ನು ಉಳಿಸಿಕೊಳ್ಳುತ್ತಾಳೆ. ಮುಂಗಾರಿಗೆ ಮುಂಚೆ ಎಷ್ಟು ಕೊಂಬೆ ಇಳಿಸಿದರೆ ಗಿಡಕ್ಕೆ ಬೆಳಕು, ಎಷ್ಟು ಬಿಟ್ಟರೆ ಬೇಸಿಗೆಗೆ ತಂಪು ಎಂದು ಅಳೆದು ಕಪಾತು ಮಾಡಿಸುತ್ತಾಳೆ. ಗದ್ದೆಯನ್ನು ಪಾಳು ಬಿಡದೆ ನಾಟಿ ಮಾಡಿಸುತ್ತಾಳೆ.

ಮಿನ್ಸರ್ ಸಮೀಕರಣದಲ್ಲಿ ಮಗನ ಓದು ಲಾಭದ್ದಾಗಿ ಕಾಣುತ್ತದೆ. ಮಗಳ ಓದಿನ ಲಾಭ ತೀರ ಕಡಿಮೆ, ಭತ್ತಕ್ಕೆ ಬೆಲೆ ಸಿಗದ ವರ್ಷ ಬಹುಶಃ ಶೂನ್ಯ. ಆದರೆ ಅವಳ ಕೆಲಸದಿಂದ ಹುಟ್ಟಿದ ಪ್ರಯೋಜನ ಮಾಯವಾಗಿಲ್ಲ, ಅವಳ ಖಾತೆಗೆ ಬರಲಿಲ್ಲ ಅಷ್ಟೆ. ಬದುಗಳ ನಡುವೆ ನಿಂತ ನೀರು ನೆಲಕ್ಕಿಳಿದು ಬಾವಿ, ತೋಡುಗಳಿಗೆ ಸೇರಿತು. ಮರಗಳ ಬೇರು ಇಳಿಜಾರನ್ನು ಹಿಡಿದುಕೊಂಡಿತು. ಜೇನು ಪಕ್ಕದವರ ತೋಟಕ್ಕೂ ಹೋಯಿತು. ಮಿಕ್ಕ ನೀರು ಹಾರಂಗಿಗೋ ಕಾವೇರಿಗೋ ಸೇರಿ ಮಂಡ್ಯದ ಕಬ್ಬಿಗೆ, ಬೆಂಗಳೂರಿನ ನಲ್ಲಿಗೆ, ತಂಜಾವೂರಿನ ಭತ್ತಕ್ಕೆ ಹೋಯಿತು. ಅರ್ಥಶಾಸ್ತ್ರ ಇದನ್ನು ಬಾಹ್ಯ ಪ್ರಯೋಜನ ಎನ್ನುತ್ತದೆ: ಮಾಡಿದವರು ಒಬ್ಬರು, ಪಡೆದವರು ಇನ್ನೊಬ್ಬರು, ನಡುವೆ ಹಣ ಕೈಬದಲಾಗಿಲ್ಲ. ಓದಿನ ಲಾಭವನ್ನು ಸಂಬಳದಿಂದ ಅಳೆಯುವಷ್ಟು ದಿನ ಇಂಥ ಪ್ರಯೋಜನ ಯಾವ ಕೋಷ್ಟಕದಲ್ಲೂ ಕಾಣಿಸುವುದಿಲ್ಲ.

ಇದರ ಫಲಿತಾಂಶ ಈಗ ಕಣ್ಣಿಗೆ ಕಾಣುತ್ತಿದೆ. 2011ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆ ಶೇ 82.61, ರಾಜ್ಯದ ಸರಾಸರಿಗಿಂತ ಸಾಕಷ್ಟು ಮೇಲೆ. ಓದಿದವರು ಮೈಸೂರು, ಬೆಂಗಳೂರು, ಹೊರದೇಶ ಎಂದು ಹೊರಟರು. ಕುಟುಂಬದ ಮೂಲಮನೆಗಳಾದ ಐನ್‌ಮನೆಗಳಲ್ಲಿ ವಯಸ್ಸಾದವರು ಉಳಿದರು. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಜನ ಬರುತ್ತಾರೆ. ಎಷ್ಟೋ ಗದ್ದೆಗಳು ಪಾಳುಬಿದ್ದಿವೆ, ಇನ್ನು ಕೆಲವು ಶುಂಠಿ, ಅಡಿಕೆ, ಸೈಟುಗಳಾಗಿವೆ. ಸುಗ್ಗಿ ಹಬ್ಬವಾದ ಹುತ್ತರಿಗೆ ಕದಿರು ತೆಗೆಯಲು ಸ್ವಂತ ಗದ್ದೆಯಿಲ್ಲದೆ ಬೇರೆಯವರ ಗದ್ದೆಗೆ ಹೋಗುವ ಮನೆಗಳು ಈಗ ಅಪರೂಪವಲ್ಲ. ಇದಕ್ಕೆಲ್ಲ ಶಾಲೆಯೇ ಕಾರಣ ಎಂದರೆ ತಪ್ಪಾಗುತ್ತದೆ. ಆದರೆ ಯಶಸ್ಸು ಎಂದರೆ ಊರು ಬಿಡುವುದು ಎಂಬ ಪಾಠವನ್ನು ಶಾಲೆ ಹನ್ನೆರಡು ವರ್ಷ ಕಲಿಸಿದೆ ಎಂಬುದೂ ನಿಜ.

ಮೂವತ್ತು ವರ್ಷದ ಮುಂದಿನ ಲಕ್ಷ ರೂಪಾಯಿ

ಎರಡನೇ ತೊಡಕು ಕಾಲದ್ದು. ಯಾವ ಹೂಡಿಕೆಯ ಲೆಕ್ಕವಾದರೂ ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಿ ನೋಡುತ್ತದೆ. ಇದಕ್ಕೆ ಬಳಸುವ ಪ್ರಮಾಣವೇ ಡಿಸ್ಕೌಂಟ್ ದರ. ವರ್ಷಕ್ಕೆ ಶೇ 10 ಎಂದಿಟ್ಟುಕೊಂಡರೆ ಮೂವತ್ತು ವರ್ಷದ ನಂತರ ಸಿಗುವ 1 ಲಕ್ಷ ರೂಪಾಯಿಗೆ ಇಂದಿನ ಬೆಲೆ ಸುಮಾರು 5,730 ರೂಪಾಯಿ. ಐವತ್ತು ವರ್ಷ ಆಚೆಯದಾದರೆ ಸುಮಾರು 850. ದರವನ್ನು ಶೇ 3ಕ್ಕೆ ಇಳಿಸಿ, ಅದೇ ಮೂವತ್ತು ವರ್ಷದ ಲಕ್ಷ ರೂಪಾಯಿಗೆ ಇಂದು 41,000ಕ್ಕೂ ಹೆಚ್ಚು ಬೆಲೆ ಬರುತ್ತದೆ.

ಪದವಿ ಮುಗಿಸಿದ ಮರುವರ್ಷವೇ ಬರುವ ಸಂಬಳಕ್ಕೆ ಈ ಲೆಕ್ಕದಲ್ಲಿ ತೂಕ ಹೆಚ್ಚು. ಇಂದು ನೆಟ್ಟು ಮೊಮ್ಮಕ್ಕಳ ಕಾಲಕ್ಕೆ ದೊಡ್ಡದಾಗುವ ಬೀಟೆ ಮರಕ್ಕೆ, ತಲೆಮಾರು ದಾಟಿ ಉಳಿಯಬೇಕಾದ ಒರತೆಗೆ ತೂಕವೇ ಇಲ್ಲ. 2006ರಲ್ಲಿ ನಿಕೊಲಸ್ ಸ್ಟರ್ನ್ ಬ್ರಿಟನ್ ಸರ್ಕಾರಕ್ಕೆ ಹವಾಮಾನ ಬದಲಾವಣೆಯ ಆರ್ಥಿಕ ವರದಿ ಕೊಟ್ಟಾಗ, ಮುಂದೆ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹೌಸ್ ಅದನ್ನು ಟೀಕಿಸಿದ್ದು ಬಹುಮಟ್ಟಿಗೆ ಈ ದರದ ಬಗ್ಗೆಯೇ. ಇನ್ನೂ ಹುಟ್ಟದವರ ಹಿತಕ್ಕೆ ಇಂದು ಎಷ್ಟು ಬೆಲೆ ಕೊಡುತ್ತೇವೆ ಎಂಬ ನೈತಿಕ ಪ್ರಶ್ನೆ ಈ ಒಂದು ಅಂಕಿಯೊಳಗೆ ಅಡಗಿದೆ. ಶಿಕ್ಷಣದ ಚರ್ಚೆಯಲ್ಲಿ ಆ ಅಂಕಿ ಯಾವುದೆಂದು ಯಾರೂ ಕೇಳುವುದೂ ಇಲ್ಲ.

ಒಂದು ಬಂಡವಾಳ ಇನ್ನೊಂದರ ಜಾಗ ತುಂಬೀತೇ?

ಇಡೀ ವಿವಾದದ ತಿರುಳು ನನ್ನ ಅಭಿಪ್ರಾಯದಲ್ಲಿ ಇಲ್ಲಿದೆ. ರಾಬರ್ಟ್ ಸೋಲೋ ಅವರಂಥ ಅರ್ಥಶಾಸ್ತ್ರಜ್ಞರ ನಿಲುವು ಹೀಗೆ: ಮುಂದಿನ ತಲೆಮಾರಿಗೆ ನಾವು ಬಿಟ್ಟುಹೋಗಬೇಕಾದದ್ದು ಒಟ್ಟು ಉತ್ಪಾದನಾ ಶಕ್ತಿಯನ್ನು. ಕಾಡು, ಖನಿಜ ಕಡಿಮೆಯಾದರೂ ಅದರಿಂದ ಬಂದ ಹಣವನ್ನು ರಸ್ತೆ, ಯಂತ್ರ, ಓದಿಗೆ ಹಾಕಿದರೆ ನಷ್ಟವಿಲ್ಲ. ಹರ್ಮನ್ ಡೇಲಿ ಇದನ್ನು ಒಪ್ಪಲಿಲ್ಲ. ನಿಸರ್ಗದ ಎಷ್ಟೋ ಸಂಗತಿಗಳಿಗೆ ಬದಲಿ ಇಲ್ಲ, ಮನುಷ್ಯ ಮಾಡಿದ ಬಂಡವಾಳ ಅವುಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ ಎಂದರು. ಮೊದಲನೆಯದನ್ನು ದುರ್ಬಲ ಸುಸ್ಥಿರತೆ, ಎರಡನೆಯದನ್ನು ಪ್ರಬಲ ಸುಸ್ಥಿರತೆ ಎಂದು ಕರೆಯುತ್ತಾರೆ.

2021ರಲ್ಲಿ ಪಾರ್ಥ ದಾಸ್‌ಗುಪ್ತಾ ಬ್ರಿಟನ್ ಸರ್ಕಾರಕ್ಕಾಗಿ ಬರೆದ ಜೀವವೈವಿಧ್ಯದ ಆರ್ಥಿಕ ವರದಿಯಲ್ಲಿ ಇದರ ಜಾಗತಿಕ ಚಿತ್ರ ಸಿಗುತ್ತದೆ. 1992ರಿಂದ 2014ರ ನಡುವೆ ತಲಾ ಉತ್ಪಾದಿತ ಬಂಡವಾಳ, ಅಂದರೆ ಕಟ್ಟಡ, ರಸ್ತೆ, ಯಂತ್ರಗಳು ದುಪ್ಪಟ್ಟಾದವು. ತಲಾ ಮಾನವ ಬಂಡವಾಳ ಸುಮಾರು ಶೇ 13 ಏರಿತು. ತಲಾ ನೈಸರ್ಗಿಕ ಬಂಡವಾಳ ಸುಮಾರು ಶೇ 40 ಕುಸಿಯಿತು. ಜನ ಹೆಚ್ಚು ಓದಿದ ಆ ಇಪ್ಪತ್ತೆರಡು ವರ್ಷಗಳಲ್ಲೇ ನಿಸರ್ಗ ಇಷ್ಟು ಕರಗಿತು. ಹೆಚ್ಚು ಓದಿದ ಸಮಾಜ ತಾನಾಗಿಯೇ ನೆಲವನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ ಎಂಬ ನಂಬಿಕೆಗೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಬದಲಿ ಇಲ್ಲದ್ದು ಎಂದರೆ ಏನು ಎಂಬುದನ್ನು ಕೊಡಗು ಪುಸ್ತಕದಿಂದ ಕಲಿಯಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟ ಜರಿದಾಗ ಮನೆಯ ಜೊತೆ ತೋಟದ ಮಣ್ಣೇ ಹೋಯಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಜಂಬೂರು, ಮದೆನಾಡಿನಲ್ಲಿ ಸರ್ಕಾರ ಮನೆ ಕಟ್ಟಿಕೊಟ್ಟಿತು. ಕಟ್ಟಿದ ಮನೆಗಳು ರಾಜ್ಯದ ಆದಾಯದ ಲೆಕ್ಕದಲ್ಲಿ ಕೂಡುತ್ತವೆ, ಕೊಚ್ಚಿಹೋದ ಮೇಲ್ಮಣ್ಣು ಕಳೆಯುವುದಿಲ್ಲ. ಆ ಮಣ್ಣನ್ನು ಮತ್ತೆ ತಂದಿಡಲು ಯಾವ ಪದವೀಧರನಿಂದಲೂ ಆಗದು. ಆದರೆ ಎಲ್ಲಿ ಬರೆ ಕಡಿಯಬಾರದು, ಹೋಂಸ್ಟೇ ಕಟ್ಟಲು ಯಾವ ಇಳಿಜಾರನ್ನು ಮುಟ್ಟಬಾರದು, ಯಾವ ತೋಡನ್ನು ಮುಚ್ಚಬಾರದು ಎಂದು ಮುಂಚೆಯೇ ಹೇಳಬಲ್ಲ ಓದು ಸಾಧ್ಯವಿದೆ. ಓದು ಮತ್ತು ನೆಲ ಪರಸ್ಪರ ಪೂರಕ ಎಂಬ ಡೇಲಿಯ ಮಾತಿನ ಪ್ರಾಯೋಗಿಕ ಅರ್ಥ ಇದು.

ಅಂಕ ಸಿಗುವುದೇ ಬೆಳೆಯುತ್ತದೆ

ಸಿಲ್ವರ್ ಓಕ್ ಕೊಡಗಿನ ತೋಟಗಳನ್ನು ತುಂಬಿದ್ದು ಹೇಗೆ ಎಂದು ಇಲ್ಲಿನ ಬೆಳೆಗಾರರಿಗೆ ಗೊತ್ತು. ಅನ್‌ರಿಡೀಮ್ಡ್ ಜಮೀನಿನಲ್ಲಿ, ಅಂದರೆ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಮೀನಿನಲ್ಲಿ, ನಾಡಮರದ ಮೇಲೆ ಸರ್ಕಾರದ ಹಕ್ಕಿದೆ, ಕಡಿಯಲು ಅನುಮತಿಗೆ ಅಲೆಯಬೇಕು. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಆ ತೊಡಕಿಲ್ಲ. ಬೇಗ ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೂ ಒಗ್ಗುತ್ತದೆ, ಬೇಕೆಂದಾಗ ಮಾರಬಹುದು. ಬೆಳೆಗಾರರು ನಾಡಮರವನ್ನು ದ್ವೇಷಿಸಿದವರಲ್ಲ. ನಿಯಮ ಯಾವುದಕ್ಕೆ ಬೆಲೆ ಕಟ್ಟಿತೋ ಅದನ್ನು ನೆಟ್ಟರು.

ಪಠ್ಯಕ್ರಮದಲ್ಲೂ ನಡೆದದ್ದು ಇದೇ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದು ಶಿಕ್ಷಣ. ಅದರೊಳಗೆ 4.4 ಉದ್ಯೋಗದ ಕೌಶಲಗಳ ಬಗ್ಗೆ, 4.7 ಸುಸ್ಥಿರ ಬದುಕಿನ ಶಿಕ್ಷಣದ ಬಗ್ಗೆ. ಎರಡೂ ಒಂದೇ ಪುಟದಲ್ಲಿವೆ. ಮೊದಲನೆಯದನ್ನು ಎಣಿಸುವುದು ಸುಲಭ, ಹಾಗಾಗಿ ಯೋಜನೆ, ಬಜೆಟ್, ತರಬೇತಿ ಎಲ್ಲವೂ ಅದರ ಹಿಂದೆ ಹೋದವು. ನಮ್ಮಲ್ಲಿ ಪರಿಸರ ಪಾಠ ಕಡ್ಡಾಯವಾಗಿದ್ದು ನ್ಯಾಯಾಲಯದಿಂದ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನಿರ್ದೇಶನ ಕೊಟ್ಟಿತು, ಅದು ಜಾರಿಯಾಗದ್ದನ್ನು ಕಂಡು 2003ರಲ್ಲಿ ಮತ್ತೆ ಹೇಳಬೇಕಾಯಿತು. ಕೊನೆಗೆ ಪದವಿ ಮಟ್ಟದಲ್ಲಿ ಒಂದು ಪರಿಸರ ಪತ್ರಿಕೆ ಬಂತು. ಪಾಸಾದರೆ ಸಾಕು ಎಂದು ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವುವ ಪತ್ರಿಕೆ ಅದು. 2020ರ ನೀತಿಯಲ್ಲೂ ಪರಿಸರ ಶಿಕ್ಷಣದ ಮಾತಿದೆ. ಆದರೆ ವರ್ಷ ಹಾಕಿ ಗುರಿ ನಿಗದಿ ಮಾಡಿದ್ದು ಬೇರೆಯದಕ್ಕೆ: 2035ಕ್ಕೆ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ಶೇ 50, 2025ಕ್ಕೆ ಕನಿಷ್ಠ ಶೇ 50 ಕಲಿಯುವವರಿಗೆ ವೃತ್ತಿ ಶಿಕ್ಷಣದ ಪರಿಚಯ.

ಕೊಡಗಿನ ಮನೆಗಳಲ್ಲಿ ಇನ್ನೊಂದು ಬಗೆಯ ಓದು ಇದೆ. ಜೂನ್ ಬಂದರೆ ಇಲ್ಲಿ ಕುಶಲ ವಿಚಾರಿಸುವ ಮಾತೇ ‘ನಿಮ್ಮಲ್ಲಿ ಎಷ್ಟು ಇಂಚು?’ ಎನ್ನುವುದು. ಬಹಳಷ್ಟು ತೋಟಗಳ ಅಂಗಳದಲ್ಲಿ ಮಳೆಮಾಪಕವಿದೆ. ಬೆಳಗ್ಗೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಸೆಂಟು ನೋಡಿ, ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಜ್ಜ ಶುರು ಮಾಡಿದ್ದನ್ನು ಅಪ್ಪ ಮುಂದುವರಿಸಿದ ಪುಸ್ತಕಗಳಿವೆ. ಕಾಫಿ ಹೂ ಅರಳಿಸುವ ಮಾರ್ಚ್ ಏಪ್ರಿಲಿನ ಹೂಮಳೆ ಯಾವ ವರ್ಷ ತಪ್ಪಿತು, ಯಾವ ವರ್ಷ ಒಂದೇ ದಿನ ಎಷ್ಟು ಸುರಿಯಿತು ಎಂಬುದು ಅದರಲ್ಲಿದೆ. ಹೈಸ್ಕೂಲಿನ ಗಣಿತದ ಸರಾಸರಿ, ನಕ್ಷೆ, ವಿಚಲನೆ ಎಲ್ಲವನ್ನೂ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಯಾವುದಿದೆ? ಮಡಿಕೇರಿಯ ಅಂಕಿಯನ್ನು ಕುಶಾಲನಗರದ ಅಂಕಿಯ ಪಕ್ಕ ಇಟ್ಟರೆ ಇಷ್ಟು ಹತ್ತಿರದ ಎರಡು ಊರುಗಳ ನಡುವೆ ಇಷ್ಟೊಂದು ವ್ಯತ್ಯಾಸ ಏಕೆ ಎಂಬ ಭೂಗೋಳದ ಪಾಠ ತಾನಾಗಿ ಬರುತ್ತದೆ. ಆದರೆ ಅದಕ್ಕೆ ಅಂಕವಿಲ್ಲ. ಜುಲೈನಲ್ಲಿ ಜಿಲ್ಲಾಡಳಿತ ಮಳೆ ರಜೆ ಘೋಷಿಸಿದ ದಿನ ಮಗು ಮನೆಯಲ್ಲಿ ಆ ಪುಸ್ತಕದ ಪಕ್ಕದಲ್ಲೇ ಕುಳಿತಿರುತ್ತದೆ, ಇಲಾಖೆಯ ದಾಖಲೆಯಲ್ಲಿ ಅದು ಪಾಠ ನಷ್ಟವಾದ ದಿನ.

ತಲಾ ವೆಚ್ಚ ಎಂಬ ತಕ್ಕಡಿ

2025ರ ಫೆಬ್ರವರಿಯಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿ ಕೆಲವೇ ವರ್ಷದ ಹಿಂದೆ ಶುರುವಾದ 9 ವಿಶ್ವವಿದ್ಯಾಲಯಗಳನ್ನು ಮುಚ್ಚುವ ನಿಲುವಿಗೆ ಬಂತು. ಪಟ್ಟಿಯಲ್ಲಿ ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯವೂ ಇತ್ತು. ಮುಂದಿಟ್ಟ ಮುಖ್ಯ ಕಾರಣ ಹಣದ ಕೊರತೆ. ಹಣವಿಲ್ಲದೆ ಹೆಸರಿಗಷ್ಟೇ ವಿಶ್ವವಿದ್ಯಾಲಯ ತೆರೆಯುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ತಲಾ ವೆಚ್ಚದ ತಕ್ಕಡಿಯಲ್ಲಿ ಕೊಡಗು ಯಾವತ್ತೂ ಸೋಲುತ್ತದೆ. 4,102 ಚದರ ಕಿಲೋಮೀಟರ್ ವಿಸ್ತೀರ್ಣದಲ್ಲಿ 2011ರಲ್ಲಿ ಇದ್ದವರು ಸುಮಾರು 5.54 ಲಕ್ಷ ಜನ, ಚದರ ಕಿಲೋಮೀಟರಿಗೆ 135. ರಾಜ್ಯದ ಸರಾಸರಿ 319. ಜನ ವಿರಳವಾಗಿರುವುದಕ್ಕೂ ಇಲ್ಲಿ ಕಾಡು ಉಳಿದಿರುವುದಕ್ಕೂ, ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದಕ್ಕೂ ಸಂಬಂಧವಿದೆ. ಕಾಡು ಉಳಿಸಿಕೊಂಡ ಜಿಲ್ಲೆಗೆ ವಿದ್ಯಾರ್ಥಿ ಕಡಿಮೆ ಎಂದು ದಂಡ ಬೀಳುತ್ತದೆ.

ಪ್ರಾಥಮಿಕ ಶಾಲೆಗಳ ವಿಲೀನದಲ್ಲಿ ಇದು ಇನ್ನೂ ತೀಕ್ಷ್ಣ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಐದನೇ ತರಗತಿವರೆಗಿನ ಶಾಲೆ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಇರಬೇಕು. ಕಾಫಿ ತೋಟದ ನಡುವಿನ, ಆನೆ ಓಡಾಡುವ ಒಂದು ಕಿಲೋಮೀಟರ್, ಅದೂ ಆಟಿ ತಿಂಗಳ ಮಳೆಯಲ್ಲಿ, ಬಯಲುಸೀಮೆಯ ಒಂದು ಕಿಲೋಮೀಟರ್‌ಗೆ ಸಮವಲ್ಲ. ಹತ್ತು ಮಕ್ಕಳಿರುವ ಶಾಲೆ ಮುಚ್ಚಿದರೆ ಮೊದಲು ಶಾಲೆ ಬಿಡುವುದು ಲೈನ್ ಮನೆಯ, ಹಾಡಿಯ ಮಗು. ಮಾನವ ಬಂಡವಾಳದ ವಾದ ಯಾರ ಪರವಾಗಿ ಹುಟ್ಟಿತೋ ಅವರನ್ನೇ ಅದೇ ವಾದದ ಲೆಕ್ಕಪತ್ರ ಹೊರಗಿಡುತ್ತದೆ.

ಅಮರ್ತ್ಯ ಸೇನ್ 1990ರ ದಶಕದಲ್ಲೇ ಇದಕ್ಕೊಂದು ತಿದ್ದುಪಡಿ ಸೂಚಿಸಿದ್ದರು. ಓದು ಉತ್ಪಾದನೆ ಹೆಚ್ಚಿಸುವುದು ನಿಜ, ಜೊತೆಗೆ ತಾನು ಬೆಲೆ ಕೊಡುವ ಬದುಕನ್ನು ಬದುಕುವ ಸಾಮರ್ಥ್ಯವನ್ನೂ ಅದು ಕೊಡುತ್ತದೆ, ಆ ಸಾಮರ್ಥ್ಯಕ್ಕೆ ತನ್ನದೇ ಬೆಲೆಯಿದೆ ಎಂದರು. ಆ ಅಳತೆಯಲ್ಲಿ ನೋಡಿದರೆ ಊರು ಬಿಡಲು ಆಗುವುದು ಎಷ್ಟು ಮುಖ್ಯವೋ ಊರಲ್ಲಿ ಉಳಿಯಲು ಆಗುವುದೂ ಅಷ್ಟೇ ಮುಖ್ಯ. ಇಂದು ಕೊಡಗಿನ ಯುವಕರಿಗೆ ಮೊದಲನೆಯದು ಸಿಗುತ್ತಿದೆ, ಎರಡನೆಯದು ಇಲ್ಲ.

ಅದು ಸಿಗಬೇಕಾದರೆ ಪಠ್ಯ ಬದಲಿಸಿದರೆ ಸಾಲದು. ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ನೆಲಕ್ಕೆ ಹತ್ತಿರದ ಓದಿಗೆ ಬೇಕಾದ ಜ್ಞಾನ ಜಿಲ್ಲೆಯಲ್ಲೇ ಇದೆ. ಕೊರತೆ ಇರುವುದು ಆ ಓದಿನಿಂದ ಬದುಕು ನಡೆಸುವ ಆದಾಯದ್ದು. ಪಕ್ಕದ ಕೇರಳ 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಲ್ಟಿ ಕೊಡಲು ಶುರುಮಾಡಿತು. ಮೊತ್ತ ಏನೇನೂ ಸಾಲದು. ಆದರೆ ಗದ್ದೆ ಅಕ್ಕಿಯ ಜೊತೆಗೆ ನೀರನ್ನೂ ಕೊಡುತ್ತದೆ, ಆ ನೀರಿಗೆ ಸಮಾಜ ಬೆಲೆ ಕೊಡಬೇಕು ಎಂಬ ತತ್ವ ಅದರಿಂದ ಸರ್ಕಾರಿ ಆದೇಶಕ್ಕೆ ಬಂತು. ಕಾವೇರಿಯ ಕೆಳಪಾತ್ರದ ಊರುಗಳು ಕೊಡಗಿನ ಗದ್ದೆಗೆ, ನಾಡಮರದ ನೆರಳಿಗೆ ಇಂಥದೊಂದು ಬೆಲೆ ಕೊಟ್ಟರೆ ಸೋಮವಾರಪೇಟೆಯ ಆ ಮಗಳ ಆದಾಯದ ಕಾಲಂ ತುಂಬುತ್ತದೆ. ಆಗ ಮಿನ್ಸರ್‌ನ ಹಳೆಯ ಸಮೀಕರಣವೇ ಅವಳ ಓದನ್ನು ಲಾಭದ್ದೆಂದು ತೋರಿಸುತ್ತದೆ.

ಇದು ಶಿಕ್ಷಣ ಇಲಾಖೆಯೊಂದರಿಂದ ಆಗುವ ಕೆಲಸವಲ್ಲ. ಕೃಷಿ, ಅರಣ್ಯ, ಜಲಸಂಪನ್ಮೂಲ ಇಲಾಖೆಗಳೂ ಜೊತೆಗೆ ಕೂರಬೇಕು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ತನ್ನ ವರದಿ ಒಪ್ಪಿಸಿದೆ. ಅದನ್ನು ಜಾರಿಗೆ ತರುವ ಮಾತು ಬಂದಾಗ ಕೊಡಗಿನ ಜನಪ್ರತಿನಿಧಿಗಳು, ಬೆಳೆಗಾರರ ಸಂಘಗಳು, ಹಾಡಿಗಳ ಮುಖಂಡರು ಎರಡು ಬೇಡಿಕೆಗಳನ್ನಾದರೂ ಬರವಣಿಗೆಯಲ್ಲಿ ಇಡಬೇಕು. ಬೆಟ್ಟದ ಜಿಲ್ಲೆಗಳ ಶಾಲೆ, ಕಾಲೇಜುಗಳಿಗೆ ತಲಾ ವೆಚ್ಚದ ಮಾನದಂಡ ಬೇರೆಯೇ ಇರಲಿ. ಊರಿನ ನೀರು, ಮಳೆ, ಇಳಿಜಾರಿನ ಮೇಲೆ ಮಕ್ಕಳು ಮಾಡಿದ ಅಧ್ಯಯನಕ್ಕೆ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಅಂಕವಿರಲಿ.